ಹುಳಗಳು ಬಾರದ ವರ್ಷಗಳು

ಕೆಲವು ವರ್ಷಗಳ ಹಿಂದೆ ಜೂನ್ ಕೊನೆಯಲ್ಲಿ ರಜೆ ಸಿಕ್ಕಾಗ ನಾವು ಊರಿಗೆ ಹೋಗದೆ ಅಮೆರಿಕದ ಟ್ರಾಯ್‌ಗೆ ಹೋಗಿದ್ದೆವು. ಮಿಶಿಗನ್ ರಾಜ್ಯದ ಡೆಟ್ರಾಯ್ಟ್ ನಗರಕ್ಕೆ ಉತ್ತರದಲ್ಲಿರುವ ಈ ಊರಿನಲ್ಲಿ ನಮ್ಮ ತಮ್ಮನ ಸಂಸಾರವಿದೆ. ಒಂದು ಸಂಜೆ ಅವನು ಎಲ್ಲರನ್ನೂ ಕಾರಿನಲ್ಲಿ ಕೂರಿಸಿಕೊಂಡು ಸೇಂಟ್ ಕ್ಲೇರ್ ಸರೋವರದ ದಡಕ್ಕೆ ಕರೆದೊಯ್ದ. ದೀಪದ ಕಂಬ, ಅಂಗಡಿಯ ಗಾಜು, ಕಾರಿನ ಬಾಗಿಲು ಎಲ್ಲವನ್ನೂ ಉದ್ದ ಬಾಲದ ಹುಳಗಳು ಮುಚ್ಚಿಕೊಂಡಿದ್ದವು. ಕಾಲಿಟ್ಟಲ್ಲೆಲ್ಲ ಚರಚರ ಸದ್ದು. ನಮಗೆ ನೆನಪಾದದ್ದು ಊರಿನಲ್ಲಿ ಮೊದಲ ಮಳೆ ಬಿದ್ದ ಸಂಜೆ ದೀಪಕ್ಕೆ ಮುತ್ತುವ ಈಸಲು ಹುಳ, ಅಂದರೆ ರೆಕ್ಕೆ ಬಂದ ಗೆದ್ದಲು.

ಮಕ್ಕಳು ಮುಖ ಸಿಂಡರಿಸಿದಾಗ ತಮ್ಮ ನಕ್ಕ. “ಅಣ್ಣಾ, ಇವು ಬಂದರೆ ಇಲ್ಲಿಯವರು ಬೈಯುತ್ತಾರೆ. ಬಾರದಿದ್ದರೆ ಹೆದರಬೇಕು” ಎಂದ. ಆ ಮಾತಿನ ಹಿಂದೆ ಒಂದು ಚರಿತ್ರೆಯೇ ಇದೆ.

ಅಲ್ಲಿಯ ಜನ ಈ ಹುಳವನ್ನು ಫಿಶ್‌ಫ್ಲೈ ಎನ್ನುತ್ತಾರೆ. ವಿಜ್ಞಾನದಲ್ಲಿ ಇದು ಹೆಕ್ಸಜೀನಿಯಾ ಕುಲದ ಮೇಫ್ಲೈ. ಮರಿಹುಳ ಸರೋವರದ ತಳದ ಕೆಸರಿನಲ್ಲಿ ಬಿಲ ತೋಡಿ ಒಂದೆರಡು ವರ್ಷ ಬದುಕುತ್ತದೆ. ಜೂನ್-ಜುಲೈನಲ್ಲಿ ನೀರು ಬೆಚ್ಚಗಾದಾಗ ಮೇಲೆದ್ದು, ಪೊರೆ ಕಳಚಿ ಹಾರುತ್ತದೆ. ರೆಕ್ಕೆ ಬಂದ ಮೇಲೆ ಅದು ಏನನ್ನೂ ತಿನ್ನಲಾರದು. ಆಯುಸ್ಸು ಒಂದೆರಡು ದಿನ. ಎರಡು ವರ್ಷ ದುಡಿದು, ಸಿಕ್ಕ ಚೂರು ರಜೆಯಲ್ಲಿ ಮದುವೆ ಮುಗಿಸಿಕೊಳ್ಳುವ ಪಾಡನ್ನು ಗಲ್ಫಿನ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ!

ಇಷ್ಟು ಕಡಿಮೆ ಆಯುಸ್ಸಿನಲ್ಲಿ ಒಂಟಿಯಾಗಿ ಬಂದರೆ ಜೋಡಿ ಸಿಗುವುದು ಕಷ್ಟ. ಎಲ್ಲವೂ ಒಟ್ಟಿಗೆ ಎದ್ದರೆ ಜೋಡಿಯೂ ಸಿಗುತ್ತದೆ, ಮೀನು ಹಕ್ಕಿಗಳು ಹೊಟ್ಟೆ ಬಿರಿಯ ತಿಂದರೂ ಸಾಕಷ್ಟು ಉಳಿಯುತ್ತವೆ. ನಮ್ಮ ಈಸಲು ಹುಳದ ಲೆಕ್ಕವೂ ಇದೇ.

ಸೇಂಟ್ ಕ್ಲೇರ್ ಸರೋವರದ ನೀರು ಡೆಟ್ರಾಯ್ಟ್ ನದಿಯಾಗಿ ಹರಿದು ಈರಿ ಸರೋವರದ ಪಶ್ಚಿಮ ಭಾಗವನ್ನು ಸೇರುತ್ತದೆ. ಅಲ್ಲಿಯೂ ಪ್ರತಿ ಬೇಸಿಗೆಯಲ್ಲಿ ಈ ಹುಳಗಳ ಹಿಂಡು ಏಳುತ್ತಿತ್ತು. 1953ರ ಬೇಸಿಗೆಯ ಕೊನೆಗೆ ಗಾಳಿಯಾಡದ ಸೆಕೆ ಬಿದ್ದು, ಸರೋವರದ ನೀರು ಕದಡದೆ ಮೇಲೊಂದು ಕೆಳಗೊಂದು ಪದರವಾಗಿ ನಿಂತಿತು. ನಗರಗಳ ಕೊಳಚೆ, ಹೊಲಗಳ ಗೊಬ್ಬರ ಸೇರಿ ನೀರಿನಲ್ಲಿ ಪಾಚಿ ಬೆಳೆಯುತ್ತಿತ್ತು. ಸತ್ತ ಪಾಚಿ ತಳದಲ್ಲಿ ಕೊಳೆಯುತ್ತ ಅಲ್ಲಿಯ ಆಮ್ಲಜನಕವನ್ನೆಲ್ಲ ಹೀರಿತು. ಆ ಸೆಪ್ಟೆಂಬರಿನಲ್ಲಿ ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ವಿಲ್ಸನ್ ಬ್ರಿಟ್ ತಳದ ಕೆಸರೆತ್ತಿ ನೋಡಿದಾಗ ಮರಿಗಳು ರಾಶಿಯಾಗಿ ಸತ್ತಿದ್ದವು. ಮುಂದೆ ಕೆಲವೇ ವರ್ಷಗಳಲ್ಲಿ ಆ ದಡದ ಹಿಂಡುಗಳು ಇಲ್ಲವಾದವು. ಬೀದಿಗಳು ಸ್ವಚ್ಛವಾದವು, ಸರೋವರ ಮಾತ್ರ ಕಾಯಿಲೆ ಬಿದ್ದಿತ್ತು.

1972ರಲ್ಲಿ ಅಮೆರಿಕ ಮತ್ತು ಕೆನಡಾ ಈ ಮಹಾ ಸರೋವರಗಳ ನೀರಿನ ಬಗ್ಗೆ ಒಪ್ಪಂದ ಮಾಡಿಕೊಂಡವು. ಕೊಳಚೆ ಶುದ್ಧೀಕರಣ ಸುಧಾರಿಸಿತು, ನೀರಿಗೆ ಸೇರುವ ರಂಜಕ ಕಡಿಮೆಯಾಯಿತು. 1990ರ ದಶಕದ ಆರಂಭದಲ್ಲಿ ಈರಿಯ ಪಶ್ಚಿಮ ದಡದಲ್ಲಿ ಹುಳಗಳು ಮತ್ತೆ ಕಾಣಿಸಿಕೊಂಡವು. ಸುಮಾರು ನಾಲ್ಕು ದಶಕ ಬೇಕಾಯಿತು.

ಕಥೆ ಸುಖಾಂತ್ಯವಾಗಲಿಲ್ಲ. 2014ರ ಆಗಸ್ಟಿನಲ್ಲಿ ಪಾಚಿಯ ವಿಷ ಸೇರಿದ್ದರಿಂದ ಟೊಲೀಡೊ ನಗರದ ನಲ್ಲಿ ನೀರನ್ನು ಕುಡಿಯಬಾರದೆಂದು ಆದೇಶವಾಯಿತು. 4 ಲಕ್ಷಕ್ಕೂ ಹೆಚ್ಚು ಜನ ಬಾಟಲಿ ನೀರಿಗೆ ಸಾಲು ನಿಂತರು. ಮೈಕ್ರೋಸಿಸ್ಟಿನ್ ಎಂಬ ಆ ವಿಷ ಯಕೃತ್ತಿಗೆ ಹಾನಿಕರ, ನೀರು ಕುದಿಸಿದರೂ ಹೋಗದು. ಹವಾಮಾನ ರಾಡಾರ್‌ನಲ್ಲಿ ಮಳೆಮೋಡದಂತೆ ಕಾಣುವ ಈ ಹುಳಗಳ ಹಿಂಡನ್ನು ಅಳೆದ ವಿಜ್ಞಾನಿಗಳು, 2012ರಿಂದ ಅವುಗಳ ಸಂಖ್ಯೆ ಅರ್ಧಕ್ಕಿಂತ ಹೆಚ್ಚು ಕುಸಿದಿದೆ ಎಂದು 2020ರಲ್ಲಿ ಪ್ರಕಟಿಸಿದರು.

ಎಲ್ಲ ಹಿಂಡುಗಳೂ ಒಂದೇ ಕಾರಣಕ್ಕೆ ಏಳುವುದಿಲ್ಲ. ನಮ್ಮ ಮರುಭೂಮಿಯ ಮಿಡತೆಯನ್ನೇ ನೋಡಿ. ಸಾಮಾನ್ಯವಾಗಿ ಅದು ಒಂಟಿ ಜೀವಿ. ಮಳೆ ಬಂದು ಹಸಿರಾದಾಗ ಸಂತಾನ ಹೆಚ್ಚುತ್ತದೆ. ಹಸಿರು ಒಣಗುತ್ತ ಬಂದಾಗ ಉಳಿದ ಗಿಡಗಳಿಗೆ ಎಲ್ಲವೂ ಮುಗಿಬೀಳುತ್ತವೆ. ಒಂದರ ಹಿಂಗಾಲು ಇನ್ನೊಂದಕ್ಕೆ ಪದೇಪದೇ ತಗುಲಿದರೆ ಕೆಲವೇ ಗಂಟೆಗಳಲ್ಲಿ ನಡವಳಿಕೆ ಬದಲಾಗಿ ಗುಂಪು ಸೇರುತ್ತವೆ. ಒಂಟಿ ಮಿಡತೆ, ದಂಡಿನ ಮಿಡತೆ ಒಂದೇ ಜಾತಿಯ ಎರಡು ರೂಪಗಳು ಎಂಬುದನ್ನು ಬೋರಿಸ್ ಉವಾರೊವ್ 1921ರಲ್ಲೇ ವಿವರಿಸಿದ್ದರು. ಬದಲಾವಣೆಯ ಹಿಂದೆ ಸೆರೊಟೋನಿನ್ ಇದೆ ಎಂದು 2009ರಲ್ಲಿ ತಿಳಿಯಿತು. ನಾವು ಆಸ್ಪತ್ರೆಯ ಫಾರ್ಮಸಿಯಲ್ಲಿ ಖಿನ್ನತೆಗೆ ಕೊಡುವ ಎಷ್ಟೋ ಮಾತ್ರೆಗಳು ಕೆಲಸ ಮಾಡುವುದೂ ಇದೇ ರಾಸಾಯನಿಕದ ಮೇಲೆ.

2018ರ ಮೇ ತಿಂಗಳಲ್ಲಿ ಮೆಕುನು, ಅಕ್ಟೋಬರಿನಲ್ಲಿ ಲುಬಾನ್ ಚಂಡಮಾರುತಗಳು ರುಬ್ ಅಲ್ ಖಾಲಿ ಮರುಭೂಮಿಗೆ ಮಳೆ ತಂದವು. ನೋಡುವವರಿಲ್ಲದ ಆ ಮರಳಿನಲ್ಲಿ ಮಿಡತೆ ತಲೆಮಾರುಗಳು ಬೆಳೆದವು. 2020ರ ಹೊತ್ತಿಗೆ ದಂಡು ಕೀನ್ಯಾದಿಂದ ರಾಜಸ್ಥಾನ, ಮಹಾರಾಷ್ಟ್ರದವರೆಗೆ ಹರಡಿತ್ತು. ಮಿಡತೆಯ ಭಯ ನಮಗೆ ಹೊಸದಲ್ಲ. ಛಾಂದೋಗ್ಯ ಉಪನಿಷತ್ತಿನಲ್ಲಿ ಕುರುದೇಶವನ್ನು ಹಾಳು ಮಾಡಿದ ‘ಮಟಚೀ’ ಎಂಬುದು ಕನ್ನಡದ ‘ಮಿಡಿಚೆ’ಯೇ ಎಂದು ಕೆಲವು ವಿದ್ವಾಂಸರು ವಾದಿಸಿದ್ದಾರೆ. ಅದನ್ನು ಆಲಿಕಲ್ಲೆಂದೋ ಸಿಡಿಲೆಂದೋ ಅರ್ಥ ಮಾಡಿದವರೂ ಇದ್ದಾರೆ.

ಔಷಧ ಕೊಡುವವರ ಮಾತಿನಲ್ಲಿ ಹೇಳುವುದಾದರೆ, ಮಿಡತೆಯ ದಂಡು ನೆಲಕ್ಕೆ ಬಂದ ಜ್ವರ. ಸರೋವರದ ಹುಳಗಳ ಹಿಂಡು ನೀರಿನ ನಾಡಿಬಡಿತ. ಒಂದು ಕಂಡರೆ ಎಚ್ಚರ ಬೇಕು, ಇನ್ನೊಂದು ಕಾಣದಿದ್ದರೆ.

ಮರುಭೂಮಿಯ ಸೈಟುಗಳಲ್ಲಿ ದುಡಿಯುವ ಗೆಳೆಯರಲ್ಲಿ ನಮ್ಮದೊಂದು ವಿನಂತಿ. ಮಳೆಯಾದ ಕೆಲವು ವಾರಗಳಲ್ಲಿ ಮಿಡತೆ ಮರಿಗಳು ಗುಂಪಾಗಿ ಸಾಗುವುದು ಕಂಡರೆ ಮೇಲ್ವಿಚಾರಕರ ಮೂಲಕ ಅಲ್ಲಿಯ ಕೃಷಿ ಇಲಾಖೆಗೆ ತಿಳಿಸಿ. ಹಿಡಿದು ಹುರಿದು ತಿನ್ನುವ ರೂಢಿ ಈ ನಾಡಿನಲ್ಲಿದೆ. ಆದರೆ ದಂಡಿನ ಮೇಲೆ ಕೀಟನಾಶಕ ಸಿಂಪಡಿಸಿರಬಹುದು, ಅವುಗಳನ್ನು ತಿನ್ನಬೇಡಿ. ಊರಿಗೆ ಫೋನ್ ಮಾಡಿದಾಗ ಮಳೆ ಬಂತೇ ಎಂದು ಹೇಗೂ ಕೇಳುತ್ತೀರಿ. ಈಸಲು ಹುಳ ಎದ್ದವೇ ಎಂದೂ ಒಮ್ಮೆ ಕೇಳಿ ನೋಡಿ.