ಬಳ್ಳಾರಿಯ ಐಗಳ ಮಠಗಳಲ್ಲಿ ಲೆಕ್ಕದ ಪಾಠ

ಇನ್ನೂರು ವರ್ಷಗಳ ಹಿಂದೆ ಬಳ್ಳಾರಿ ಸೀಮೆಯ ಮಕ್ಕಳು ಲೆಕ್ಕ ಕಲಿಯುತ್ತಿದ್ದ ಬಗೆ ಒಂದು ಸರ್ಕಾರಿ ಕಾಗದದಲ್ಲಿ ಉಳಿದುಬಂದಿದೆ. 1822ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ಊರೂರ ಶಾಲೆಗಳ ವಿವರ ಕೇಳಿದ. ಮರುವರ್ಷ ಆಗಸ್ಟಿನಲ್ಲಿ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ಉತ್ತರ ಬರೆದ. ತೆಲುಗು ಸೀಮೆಯೂ ಸೇರಿದ್ದ ಆ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು. ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು. ಓದುತ್ತಿದ್ದ 6,641 ಮಂದಿಯಲ್ಲಿ ಹುಡುಗಿಯರು ಬರೀ 60.

ಮಗುವಿಗೆ ಐದು ತುಂಬುತ್ತಲೇ ಊರಿನ ಮೇಷ್ಟರಾದ ಐಗಳನ್ನೂ ಅವರ ಶಿಷ್ಯರನ್ನೂ ಮನೆಗೆ ಕರೆದು, ಗಣಪತಿಯ ಮುಂದೆ ಅಕ್ಕಿಯ ಮೇಲೆ ಬೆರಳಿನಿಂದ ಬರೆಸುತ್ತಿದ್ದರು. ಐಗಳ ಶಾಲೆಯಾದ ಮಠಕ್ಕೆ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ: ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಂದ ಮುಂದಕ್ಕೆ ಬೆತ್ತದ ಏಟು, ಒಬ್ಬೊಬ್ಬನಿಗೆ ಒಂದೊಂದು ಹೆಚ್ಚು. ಎಣಿಕೆಯ ಮೊದಲ ಪಾಠ ಇದೇ ಆಗಿದ್ದರೂ ಆಶ್ಚರ್ಯವಿಲ್ಲ.

ಸಾಮಾನ್ಯವಾಗಿ ಮಠದಲ್ಲಿ ನಾಲ್ಕು ತರಗತಿಗಳಿರುತ್ತಿದ್ದವು. ಒಂದರಿಂದ ಇನ್ನೊಂದಕ್ಕೆ ಏರುವುದು ಕಲಿತಷ್ಟಕ್ಕೆ ತಕ್ಕಂತೆ. ಇಂತಿಷ್ಟು ದಿನವಾಯಿತು ಎಂದಲ್ಲ. ಇಂದು ಮೊಬೈಲಿನಲ್ಲಿ ಗಣಿತ ಪಾಠ ಮಾರುವವರು ಹೊಸ ಸರಕೆಂಬಂತೆ ಮುಂದಿಡುವ ‘ಮಗುವಿನ ವೇಗಕ್ಕೆ ತಕ್ಕ ಕಲಿಕೆ’ ಹೆಚ್ಚುಕಡಿಮೆ ಇದೇ. ಐಗಳು ಒಬ್ಬರೇ ಆದ್ದರಿಂದ ಕೆಳಗಿನ ತರಗತಿಗಳನ್ನು ಮುಂದುವರಿದ ಹುಡುಗರು ನೋಡಿಕೊಳ್ಳುತ್ತಿದ್ದರು.

ಖರ್ಚು ತೀರ ಕಡಿಮೆ. ಮೊದಲು ಮರಳಿನ ಮೇಲೆ ಬೆರಳು. ಆಮೇಲೆ ಹಲಗೆ ಅಥವಾ ಕಡತ. ಬಟ್ಟೆಗೆ ಗಂಜಿ ಹಾಕಿ ಗಡುಸು ಮಾಡಿ, ಪುಸ್ತಕದಂತೆ ಮಡಚಿ, ಇದ್ದಿಲು ಮತ್ತು ಅಂಟಿನ ಲೇಪ ಕೊಟ್ಟರೆ ಕಡತ ಸಿದ್ಧ. ಬಳಪದಲ್ಲಿ ಬರೆದದ್ದು ಒದ್ದೆ ಬಟ್ಟೆಯಿಂದ ಅಳಿಸಿಹೋಗುತ್ತಿತ್ತು.

ಅಕ್ಷರ, ಒತ್ತಕ್ಷರ, ಹೆಸರುಗಳು ಮುಗಿದ ಮೇಲೆ ಅಂಕಿಗಳ ಸರದಿ. ಕೂಡುವ ಕೋಷ್ಟಕವನ್ನು ಬಾಯಿಪಾಠ ಮಾಡಿ, ನೂರರವರೆಗೆ ಎಣಿಸಿ, ಹಣದ ಕೂಡುವ ಕಳೆಯುವ ಲೆಕ್ಕ, ಗುಣಾಕಾರ, ಅಳತೆಗಳ ಪರಿವರ್ತನೆಗೆ ಬರುತ್ತಿದ್ದರು. ಎಲ್ಲಕ್ಕಿಂತ ಹೆಚ್ಚು ಶ್ರಮ ಬೀಳುತ್ತಿದ್ದದ್ದು ಭಿನ್ನರಾಶಿಗೆ. ಅದು ಹತ್ತರಿಂದಲ್ಲ, ನಾಲ್ಕರಿಂದ ಕೆಳಗಿಳಿಯುತ್ತಿತ್ತು: ಕಾಲು, ಅದರ ಕಾಲು ವೀಸ, ವೀಸದ ಕಾಲು ಕಾಣಿ. ದಿನಕ್ಕೆರಡು ಸಲ ಮಕ್ಕಳು ಸಾಲಾಗಿ ನಿಂತು, ಒಬ್ಬ ದೊಡ್ಡ ಹುಡುಗ ಹೇಳಿಕೊಟ್ಟಂತೆ ಈ ಭಿನ್ನಗಳನ್ನೂ ಮಗ್ಗಿಯನ್ನೂ, ಅಳತೆ, ತೂಕ, ಉದ್ದಗಳ ಕೋಷ್ಟಕಗಳನ್ನೂ ಒಪ್ಪಿಸಬೇಕಿತ್ತು. ಒಣ ಬಾಯಿಪಾಠವೆಂದು ಇದನ್ನು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ಸೇರಿಗೆ ನಾಲ್ಕು ಪಾವು, ಪಾವಿಗೆ ನಾಲ್ಕು ಚಟಾಕು. ರೂಪಾಯಿಗೆ ನಾಲ್ಕು ಪಾವಲಿ, ಪಾವಲಿಗೆ ನಾಲ್ಕಾಣೆ. ಕಾಲು, ಮುಕ್ಕಾಲರ ಮಗ್ಗಿ ಬಾರದವನು ಅಂಗಡಿಯಲ್ಲಿ ಮೋಸಹೋಗುತ್ತಿದ್ದ.

ಕಡಿಮೆ ಖರ್ಚಿನಲ್ಲಿ ಬರೆಯಲು ಕಲಿಸುವುದನ್ನೂ, ಹುಡುಗರೇ ಹುಡುಗರಿಗೆ ಹೇಳಿಕೊಡುತ್ತ ತಮ್ಮ ತಿಳಿವನ್ನು ಗಟ್ಟಿಮಾಡಿಕೊಳ್ಳುವುದನ್ನೂ ಕ್ಯಾಂಪ್‌ಬೆಲ್ ಮೆಚ್ಚಿದ. ಇಂಗ್ಲೆಂಡ್ ಇದನ್ನು ಅನುಕರಿಸಿದ್ದು ತಕ್ಕದ್ದೇ ಎಂದ. ಮದ್ರಾಸಿನ ಅನಾಥಾಲಯದ ಶಾಲೆಯಲ್ಲಿ ಮರಳ ಬರಹವನ್ನೂ ಹುಡುಗರಿಂದ ಪಾಠ ಹೇಳಿಸುವುದನ್ನೂ ರೂಢಿಗೆ ತಂದ ಆಂಡ್ರ್ಯೂ ಬೆಲ್, 1797ರಲ್ಲಿ ಲಂಡನ್ನಿನಲ್ಲಿ ಅದರ ವಿವರ ಅಚ್ಚುಹಾಕಿಸಿದ್ದ. ಕ್ಯಾಂಪ್‌ಬೆಲ್ ಕಂಡ ಕೊರತೆಗಳೂ ಉಂಟು: ಸಮರ್ಥ ಐಗಳಿಲ್ಲ, ಓದಿಸುವ ಪುಸ್ತಕಗಳು ಮಕ್ಕಳಿಗೆ ಅರ್ಥವಾಗುವುದಿಲ್ಲ. ಜನರ ಬಡತನದಿಂದ ಮಠಗಳು ಕ್ಷೀಣಿಸುತ್ತಿದ್ದವು. ಇಂಗ್ಲೆಂಡಿನ ಗಿರಣಿ ಬಟ್ಟೆ ನೇಕಾರರ ಕಸುಬು ಕಿತ್ತುಕೊಂಡದ್ದೂ ಅದಕ್ಕೊಂದು ಕಾರಣವೆಂದು ಈಸ್ಟ್ ಇಂಡಿಯಾ ಕಂಪನಿಯ ಈ ಅಧಿಕಾರಿಯೇ ಬರೆದ.

ಮಠಗಳು ಮರೆಯಾದರೂ ನಾಲ್ಕರ ಲೆಕ್ಕ ಬಹುಕಾಲ ಬಾಳಿತು. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ನಯಾಪೈಸೆಯಾಯಿತು. ಮರುವರ್ಷದಿಂದ ಸೇರಿನ ಜಾಗಕ್ಕೆ ಕಿಲೋ, ಲೀಟರುಗಳು ಬರತೊಡಗಿದವು. ಮಗ್ಗಿ ಪುಸ್ತಕಗಳಲ್ಲಿ ಕಾಲು, ಅರೆ, ಮುಕ್ಕಾಲರ ಪುಟಗಳು ಆಮೇಲೂ ಅಚ್ಚಾದವು, ಆದರೆ ಶಾಲೆಯ ಪಾಠ ದಶಮಾಂಶದ್ದಾಯಿತು.