ಮೋಟಾರು ಕಾರಿನ ಸರದಿ: 1959ರ ನಿಯಂತ್ರಣಾಜ್ಞೆಯ ಒಂದು ವಿವೇಚನೆ

ಮುಂಡಗೋಡ ತಾಲೂಕಿನ ಪಾಳಾ ಗ್ರಾಮದ ಕೃಷಿಕನೊಬ್ಬನು 1960ರ ದಶಕದಲ್ಲಿ ಹೊಸ ಕಾರೊಂದನ್ನು ಕೊಳ್ಳಬಯಸಿದನೆಂದು ಭಾವಿಸೋಣ. ಕೈಯಲ್ಲಿ ಹಣವಿದ್ದರೂ ಕಾರು ಕೂಡಲೆ ದೊರೆಯುತ್ತಿರಲಿಲ್ಲ. ವಿದೇಶೀ ವಿನಿಮಯದ ಅಭಾವದಿಂದ ಉತ್ಪಾದನೆಯು ಮಿತವಾಗಿದ್ದಿತು. ಕಾರ್ಖಾನೆಯಿಂದ ಡೀಲರನಿಗೆ, ಡೀಲರನಿಂದ ಗಿರಾಕಿಗೆ ಕಾರು ಹಂಚಿಕೆಯಾಗುವ ಕ್ರಮವನ್ನು ಕೇಂದ್ರ ಸರ್ಕಾರವು 1959ರ ಮೋಟಾರು ಕಾರುಗಳ ವಿತರಣೆ ಹಾಗೂ ಮಾರಾಟ ನಿಯಂತ್ರಣಾಜ್ಞೆಯ ಮೂಲಕ ತನ್ನ ಹತೋಟಿಗೆ ತೆಗೆದುಕೊಂಡಿತು.

ಅರ್ಜಿದಾರನು ಅಂಚೆ ಕಚೇರಿಯ ಉಳಿತಾಯ ಖಾತೆಯಲ್ಲಿ ಠೇವಣಿ ಇಡಬೇಕಾಗಿದ್ದಿತು. ಡೀಲರನು ಬೇಡಿಕೆಯನ್ನು ಕ್ರಮಸಂಖ್ಯೆಯೊಡನೆ ಪುಸ್ತಕದಲ್ಲಿ ದಾಖಲಿಸಿ, ಬಂದ ಕಾರನ್ನು ಸರದಿಯಂತೆಯೇ ಕೊಡಬೇಕಾಗಿದ್ದಿತು. ಕೊಂಡವನು ಎರಡು ವರ್ಷಗಳವರೆಗೆ ಅನುಮತಿಯಿಲ್ಲದೆ ಅದನ್ನು ಮಾರುವಂತಿರಲಿಲ್ಲ. ಈ ನಿಷೇಧವೇ ನಮಗೆ ಅತ್ಯಂತ ಮುಖ್ಯವಾದ ಸಾಕ್ಷ್ಯವಾಗಿ ತೋರುತ್ತದೆ. ಬಳಸಿದ ಕಾರು ಹೊಸದಕ್ಕಿಂತ ಹೆಚ್ಚಿನ ಬೆಲೆಗೆ ಹೋಗದಿದ್ದಲ್ಲಿ ಇಂಥ ವಿಧಿಯ ಅವಶ್ಯವೇನಿದ್ದಿತು? ಸರದಿಯ ಸಂಖ್ಯೆಯೇ ಒಂದು ಸ್ವತ್ತಾಗಿ ಪರಿಣಮಿಸಿದ್ದಿತು.

ಪುಸ್ತಕದ ಮುಂದೆ ಎಲ್ಲರೂ ಸಮಾನರು, ದಿಟ. ಆದರೆ ಆ ಪುಸ್ತಕವಿದ್ದುದು ಪಟ್ಟಣದಲ್ಲಿ. ಸರ್ಕಾರೀ ಪಾಲಂತೂ ಸರದಿಯ ಹೊರಗೇ ಇದ್ದಿತು.

1983ರಲ್ಲಿ ಮಾರುತಿ ಸಂಸ್ಥೆಯು 10,000 ರೂಪಾಯಿ ಮುಂಗಡ ಪಡೆದು, ಗಣಕಯಂತ್ರದಿಂದ ಚೀಟಿಯೆತ್ತಿಸಿ ಸರದಿಯನ್ನು ನಿರ್ಣಯಿಸಿತು. ಮೊದಲು ಬಂದವನೆಂಬ ಮಾನ್ಯತೆಗೆ ಅಲ್ಲಿ ಎಡೆಯಿರಲಿಲ್ಲ. ಪ್ರಥಮ ಕಾರು ಆ ವರ್ಷದ ಡಿಸೆಂಬರ್ 14ರಂದು ಗಿರಾಕಿಯ ಕೈಸೇರಿತು.