ಪಿಸಿ ವರ್ಸಸ್ ಕನ್ಸೋಲ್: ಗೇಮರ್‌ಗಳ ಜಗಳ ಯಾಕೆ?

ಈ ಜಗಳಕ್ಕೆ 'ಪಿಸಿ ಮಾಸ್ಟರ್ ರೇಸ್' ಎಂಬ ಮಾತು ಕೊಟ್ಟಿದ್ದು ಗೇಮ್ ವಿಮರ್ಶಕ ಬೆನ್ ಕ್ರೋಶಾ. 2008ರಲ್ಲಿ 'ದಿ ವಿಚರ್' ವಿಮರ್ಶೆಯಲ್ಲಿ ಪಿಸಿ ಗೇಮರ್‌ಗಳ ಜಂಭವನ್ನು ಲೇವಡಿ ಮಾಡಲು ಅವರು ಹೇಳಿದ ಮಾತದು. ತಮಾಷೆ ನೋಡಿ, ಪಿಸಿಯವರು ಅದನ್ನೇ ಬಿರುದು ಮಾಡಿಕೊಂಡರು! ಗ್ರಾಫಿಕ್ಸ್ ಕಾರ್ಡ್ ಬದಲಿಸಬಹುದು, ಮೌಸ್‌ನಲ್ಲಿ ಗುರಿ ಕರಾರುವಾಕ್ಕು ಎಂಬುದು ಅವರ ವಾದ. ಟಿವಿಗೆ ಜೋಡಿಸಿದರೆ ಆಟ ಶುರು ಎಂಬುದು ಕನ್ಸೋಲ್‌ನವರ ಉತ್ತರ.

ಆದರೆ ನಿಜವಾದ ಹೊಟ್ಟೆಯುರಿ ಬಿಡುಗಡೆ ದಿನಾಂಕದ್ದು. 'ಜಿಟಿಎ 5' ಕನ್ಸೋಲ್‌ಗಳಿಗೆ 2013ರ ಸೆಪ್ಟೆಂಬರ್‌ನಲ್ಲೇ ಬಂತು, ಪಿಸಿಗೆ ಬಂದಿದ್ದು 2015ರ ಏಪ್ರಿಲ್‌ನಲ್ಲಿ. ಪಿಎಸ್4ಗೆ 2018ರಲ್ಲಿ ಬಂದ 'ಗಾಡ್ ಆಫ್ ವಾರ್'ಗಾಗಿ ಪಿಸಿಯವರು 2022ರ ಜನವರಿವರೆಗೆ ಕಾಯಬೇಕಾಯಿತು. ಲಕ್ಷ ರೂಪಾಯಿಯ ಪಿಸಿ ಇದ್ದರೂ ಅಷ್ಟೇ. 'ಜಿಟಿಎ 6' ಅನ್ನೂ ರಾಕ್‌ಸ್ಟಾರ್ ಮೊದಲು ಘೋಷಿಸಿದ್ದು ಪಿಎಸ್5, ಎಕ್ಸ್‌ಬಾಕ್ಸ್ ಸೀರೀಸ್ ಕನ್ಸೋಲ್‌ಗಳಿಗೇ.